ಬರಿದಾಗಿ ಹೋಗದ ಡಬರಿ

ನಮ್ಮ ಮಾಡಗ್ಯಾಳದ ಓಣಿಯಲ್ಲಿ ಪಾತ್ರೆಗಳು ಮನುಷ್ಯರಿಗಿಂತ ಹೆಚ್ಚು ತಿರುಗಾಡುತ್ತಿದ್ದವು. ಒಂದು ಮನೆಯಲ್ಲಿ ಎಮ್ಮೆ ಈದರೆ ಗಿಣ್ಣದ ಬಟ್ಟಲು ನಾಲ್ಕು ಮನೆಗೆ ಹೋಗುತ್ತಿತ್ತು. ಯಾರೋ ಹೊಸ ಶೇಂಗಾ ಕಿತ್ತರೆ ಬುಟ್ಟಿ ಬರುತ್ತಿತ್ತು. ಹೋದ ಪಾತ್ರೆ ತಿರುಗಿ ಬರುವಾಗ ಅದರಲ್ಲಿ ಏನಾದರೂ ಇರಲೇಬೇಕು. ಹಿಡಿ ಜೋಳ, ಒಂದು ಚೂರು ಬೆಲ್ಲ, ಎರಡು ಹಸಿಮೆಣಸಿನಕಾಯಿ. ಅದೂ ಇಲ್ಲದಿದ್ದರೆ ನಾಲ್ಕು ಹರಳು ಉಪ್ಪು. ಸಾವಾದ ಮನೆಯಿಂದ ಮಾತ್ರ ಪಾತ್ರೆ ಬರಿದಾಗಿ ತಿರುಗುತ್ತದೆ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮಕ್ಕಳು ನಡೆಯುವುದನ್ನು ಕಲಿತಂತೆ ಕಲಿತೆವು.

ನಮ್ಮ ಮನೆಯ ಎದುರಿಗಿದ್ದ ಸಿದ್ದಲಿಂಗವ್ವನಿಗೆ ಮಾತ್ರ ಒಮ್ಮೆ ಇದನ್ನು ಒಬ್ಬರಿಗೆ ಬಿಡಿಸಿ ಬಿಡಿಸಿ ಹೇಳಿಕೊಡುವ ಪಾಳಿ ಬಂತು. ಓಣಿಯಲ್ಲಿ ಅದನ್ನು ಕಲಿಸಲು ಆಕೆಗಿಂತ ಹೆಚ್ಚು ಕಷ್ಟಪಡುವವರು ಯಾರೂ ಇರಲಿಲ್ಲ.

ಸಿದ್ದಲಿಂಗವ್ವ ಎತ್ತರದ, ಒಣಗಿದ ಮೈಯ ಹೆಂಗಸು. ಹಣೆಯ ತುಂಬ ವಿಭೂತಿ. ಗಂಡ ಮಲಕಾಜಪ್ಪ ಸಂತೆಯಿಂದ ಸಂತೆಗೆ ಬೇಳೆಕಾಳು ಒಯ್ದು ಮಾರುತ್ತಿದ್ದವನು, ಮಗಳು ಗುರವ್ವ ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿದ್ದಾಗಲೇ ಶಿವನ ಪಾದ ಸೇರಿದ. ಆಮೇಲೆ ಒಂದು ಎಮ್ಮೆ ಕಟ್ಟಿ ಆಕೆ ಮಗಳನ್ನು ಸಾಕಿದಳು. ಬೆಳಿಗ್ಗೆ ಹಾಲು ಮಾರುತ್ತಿದ್ದಳು. ಮಜ್ಜಿಗೆಯನ್ನು ಮಾತ್ರ ಎಂದೂ ಮಾರಲಿಲ್ಲ. "ಹಾಲ ನಂದು, ಮಜ್ಜಿಗಿ ಶಿವಂದು" ಅನ್ನುತ್ತಿದ್ದಳು. ಹೊತ್ತು ಏರುವ ಮೊದಲು ಆಕೆಯ ಬಾಗಿಲಿಗೆ ಯಾರು ಚರಿಗೆ ತಂದರೂ ತುಂಬಿ ಕೊಡುತ್ತಿದ್ದಳು. ಸಂಜೆ ನಾನು ಹತ್ತಿ ತೆಗೆದುಕೊಂಡು ಹೋಗಿ ಆಕೆಯ ಕಟ್ಟೆಯ ಮೇಲೆ ಕೂತು ಮಠಕ್ಕೆ ಬತ್ತಿ ಹೊಸೆಯುತ್ತಿದ್ದೆ. ಆಕೆ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ.

ಅರವತ್ತೆಂಟರ ಚಳಿಗಾಲದಲ್ಲಿ ಆಕೆಯ ಮನೆಯ ಮುಂದಿನ ಭಾಗಕ್ಕೆ ಬಾಡಿಗೆಗೆ ಗಂಡ ಹೆಂಡತಿ ಬಂದರು. ಡೆನ್ಮಾರ್ಕ್ ಎಂಬ ದೇಶದವರಂತೆ. ಗಂಡನ ಹೆಸರು ನೀಲ್ಸ್. ಬಂಡೆ ಒಡೆದು ಬಾವಿ ಆಳ ಮಾಡುವ ಯಂತ್ರದೊಂದಿಗೆ ಬಂದಿದ್ದ. ಊರವರು ಅವನನ್ನು ಬಾವಿ ಸಾಹೇಬ ಎಂದೇ ಕರೆದರು. ಹೆಂಡತಿಯ ಹೆಸರು ಕಾರೆನ್. ಅದು ನಮ್ಮ ನಾಲಿಗೆಯಲ್ಲಿ ಎರಡು ದಿನ ನಿಂತು, ಮೂರನೆಯ ದಿನ ಕರೆವ್ವ ಆಯಿತು.

"ಹಾಲಿನಂಗ ಬಿಳೇ ಹೆಂಗಸು, ಹೆಸರ ಕರೆವ್ವ!" ಎಂದು ದುಂಡವ್ವ ಬಿದ್ದು ಬಿದ್ದು ನಕ್ಕಳು. "ನಮ್ಮ ಕರಿ ಎಮ್ಮಿಗೆ ಗೌರಿ ಅಂತ ಇಟ್ಟಂಗಾತು ನೋಡ್ರಿ."

ದುಂಡವ್ವ ಓಣಿಯ ತುದಿಯ ಕುರಿಗಾರರ ಮನೆಯವಳು. ಹಟ್ಟಿಯಲ್ಲಿ ಎತ್ತರದ ಬಾಗುಮೂಗಿನ ಕುರಿಗಳು, ಒಂದು ಎಮ್ಮೆ, ಬಾಯಲ್ಲಿ ಯಾವಾಗಲೂ ಒಂದು ಚುಚ್ಚುಮಾತು. ಅವಳ ಬಾಯಿಗೆ ಹೆದರದವರು ಊರಿನಲ್ಲಿ ಇರಲಿಲ್ಲ. ಅವಳ ಹಟ್ಟಿಯಲ್ಲಿ ಉಣ್ಣದವರೂ ಇರಲಿಲ್ಲ.

ಕರೆವ್ವ ಬರುವ ಮೊದಲು ಯಾವುದೋ ಊರಲ್ಲಿ ಆರು ತಿಂಗಳು ಕೂತು ಮರಾಠಿ ಕಲಿತು ಬಂದಿದ್ದಳು. ನಮ್ಮ ಜತ್ತ ತಾಲೂಕು ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ್ದು; ಅಲ್ಲಿಗೆ ಹೋಗುವುದೆಂದರೆ ಮರಾಠಿ ಸಾಕು ಎಂದು ಕಳಿಸಿದವರು ಹೇಳಿದ್ದರಂತೆ. ಇಲ್ಲಿ ಬಂದು ನೋಡಿದರೆ ಒಲೆಯ ಮುಂದೆ, ನೀರಿನ ದಾರಿಯಲ್ಲಿ, ಬೈಯುವಾಗ, ಅಳುವಾಗ ಎಲ್ಲ ಕನ್ನಡ. ಮೊದಲ ದಿನ ಅವಳು ಕೈ ಮುಗಿದು ಪುಸ್ತಕದ ಮರಾಠಿಯಲ್ಲಿ ನಮ್ಮ ಯೋಗಕ್ಷೇಮ ವಿಚಾರಿಸಿದಾಗ ನಾವೆಲ್ಲ ಸೆರಗು ಬಾಯಿಗೆ ಹಿಡಿದೆವು.

"ಯವ್ವಾ, ಜತ್ತ ಮಾಮಲೇದಾರನ ಹೇಂತಿ ಮಾತಾಡಿದಂಗ ಮಾತಾಡತಾಳಲ್ಲ!" ಅಂದಳು ದುಂಡವ್ವ.

ನಗುತ್ತಲೇ ಅವಳೇ ಮೊದಲು ಆ ಮನೆಗೆ ಗಿಣ್ಣ ಕಳಿಸಿದಳು. ಅವಳ ಎಮ್ಮೆ ಆಗಷ್ಟೇ ಈದಿತ್ತು. ಆಮೇಲೆ ನಮ್ಮ ಮನೆಯಿಂದ ಶೇಂಗಾ ಹಿಂಡಿ, ಇನ್ನೊಂದು ಮನೆಯಿಂದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ. ವಾರದೊಳಗೆ ಕರೆವ್ವನ ಗೂಡಿನಲ್ಲಿ ಓಣಿಯ ಅರ್ಧ ಪಾತ್ರೆಗಳಿದ್ದವು.

ಅವು ತಿರುಗಿ ಬಂದವು. ಸೋಪಿನಿಂದ ತಿಕ್ಕಿ, ಅರಿವೆಯಿಂದ ಒರೆಸಿ, ಮುಖ ಕಾಣುವ ಹಾಗೆ ಹೊಳೆಯುತ್ತ ಬಂದವು. ಒಳಗೆ ಏನೂ ಇರಲಿಲ್ಲ.

ದುಂಡವ್ವ ತನ್ನ ಬಟ್ಟಲು ಹಿಡಿದುಕೊಂಡು ಸೀದಾ ಸಿದ್ದಲಿಂಗವ್ವನ ಹಿತ್ತಲ ಬಾಗಿಲಿಗೆ ಬಂದಳು.

"ಸಿದ್ದವ್ವಾ, ನಿನ್ನ ಬಾಡಿಗಿ ಮಂದಿ ನನ್ನ ಬಟ್ಟಲಾ ಬೆಳ್ಳಿ ಮಾಡಿ ಕೊಟ್ಟಾರ ನೋಡ. ತುಂಬ ಗಾಳಿ ತುಂಬಿ ಕಳಿಸ್ಯಾರ. ಇದನ್ನ ನಾ ಉಣ್ಣಲ್ಯಾ, ನನ್ನ ಎಮ್ಮಿಗೆ ಕುಡಿಸಲ್ಯಾ?"

"ಅಕಿಗೇನ ಗೊತ್ತ ದುಂಡವ್ವ. ಬಿಡು."

"ಗಿಣ್ಣದ ಬಟ್ಟಲಾ ಹಿಂಗ ತಿಕ್ಕಿ ಬರಿದ ಕೊಡತಾರೇನ? ನಾಳಿ ಎಮ್ಮಿ ಕೆಚ್ಚಲ ಬತ್ತಿದರ ಡೆನಮಾರ್ಕದಿಂದ ಹಾಲ ತರಸತಾಳೇನ?"

ಎಮ್ಮೆ ಬತ್ತಲಿಲ್ಲ. ಆದರೆ ದುಂಡವ್ವನ ಬಟ್ಟಲು ಮತ್ತೆ ಆ ಮನೆಗೆ ಹೋಗಲಿಲ್ಲ. ಒಂದೊಂದಾಗಿ ಎಲ್ಲ ಮನೆಗಳ ಪಾತ್ರೆಗಳೂ ನಿಂತವು. ಯಾರೂ ಜಗಳ ಮಾಡಲಿಲ್ಲ, ಯಾರೂ ಮುಖ ತಿರುಗಿಸಲಿಲ್ಲ. ಎದುರಿಗೆ ಬಂದರೆ ನಗುತ್ತಿದ್ದರು. ಪಾತ್ರೆ ಬರಿದಾಗಿ ಬಂತೆಂದರೆ 'ನಿಮ್ಮದು ನಿಮಗೆ, ನಮ್ಮದು ನಮಗೆ, ಇನ್ನು ಸಾಕು' ಎಂದು ಅರ್ಥ. ಅವರಿಗೆ ಬೇಡವಾದರೆ ನಮಗೇಕೆ ಎಂದು ಸುಮ್ಮನಾದರು, ಅಷ್ಟೇ.

ಕರೆವ್ವ ದಿನಾ ಬಾಗಿಲಲ್ಲಿ ನಿಂತು ಓಣಿಯನ್ನು ನೋಡುತ್ತಿದ್ದಳು. ಗಂಡ ಬೆಳಿಗ್ಗೆ ಬೆಳುಂಕಿ ಕಡೆ ಬಾವಿಗೆ ಹೋದರೆ ಮೈಯೆಲ್ಲ ಕಲ್ಲುಪುಡಿ ಮಾಡಿಕೊಂಡು ಸಂಜೆಗೆ ಬರುತ್ತಿದ್ದ. ನಡುವಿನ ಹೊತ್ತು ಅವಳಿಗೆ ಭಾರವಾಯಿತು. ಒಂದು ಬೆಳಿಗ್ಗೆ ಅವನು ಹೋದ ಮೇಲೆ, ಸಿದ್ದಲಿಂಗವ್ವ ಮಜ್ಜಿಗೆ ಕಡೆಯುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ತುಸು ಕನ್ನಡ ಬರುತ್ತಿತ್ತು.

"ಮೊದಲ ಕೊಡತಿದ್ರು. ಈಗ ಇಲ್ಲ. ನಾವು ಬ್ಯಾಡ, ಸಿದ್ದವ್ವ?"

ಸಿದ್ದಲಿಂಗವ್ವ ಕಡೆಗೋಲು ನಿಲ್ಲಿಸಿದಳು. ಆಮೇಲೆ ನನಗೆ ಹೇಳಿದ್ದಳು: "ಆ ಮಾತ ನನ್ನ ಎದಿಗೆ ಬಡೀತು ನೋಡ. ನಾ ಅಷ್ಟು ವರ್ಷ ನಮ್ಮಣ್ಣನ್ನ ಕೇಳಬೇಕಂತ ಇದ್ದ ಮಾತನ್ನ ಅಕಿ ನನ್ನ ಕೇಳಿದ್ಲು."

ಯಾಕೆ ಬಡಿಯಿತೆಂದರೆ, ಆಕೆಯ ಸ್ವಂತ ಅಣ್ಣನ ಮನೆ ಅದೇ ಓಣಿಯಲ್ಲಿ, ಬೇವಿನ ಗಿಡದ ಆಚೆಗಿತ್ತು. ಅಲ್ಲಿಗೆ ಆಕೆ ಹತ್ತು ವರ್ಷದಿಂದ ಕಾಲಿಟ್ಟಿರಲಿಲ್ಲ. ಅದಕ್ಕೂ ಕಾರಣ ಒಂದು ಬರಿದಾದ ಪಾತ್ರೆಯೇ.

ಅಣ್ಣ ಶ್ರೀಶೈಲಪ್ಪನಿಗೂ ಆಕೆ ವೈನಿ ಎಂದು ಕರೆಯುವ ಅತ್ತಿಗೆ ಸಾವಿತ್ರೆವ್ವನಿಗೂ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಮಲಕಾಜಪ್ಪ ಸತ್ತ ಮರುವರ್ಷ ಅವರಿಗೆ ಗಂಡು ಮಗು ಹುಟ್ಟಿತು. ಹೆಸರಿಡುವ ದಿನ ಸಾವಿತ್ರೆವ್ವ ಗೋಧಿ ಹುಗ್ಗಿ ಮಾಡಿ, ತುಪ್ಪ ಸುರಿದು, ನಾದಿನಿಗೆ ಕಳಿಸಿದಳು. ಆಗಿನ್ನೂ ಎಮ್ಮೆ ಕಟ್ಟಿರದ ಸಿದ್ದಲಿಂಗವ್ವನ ಮನೆಯಲ್ಲಿ ಅಂದು ಪಾತ್ರೆಗೆ ಹಾಕಲು ಏನೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಕೇಳಬಹುದಿತ್ತು, ಕೇಳಲಿಲ್ಲ. ಬರಿದಾಗಿಯೇ ಕಳಿಸಿದಳು. ಅಣ್ಣ ನೋಡುತ್ತಾನೆ, ತಂಗಿಯ ಮನೆಯಲ್ಲಿ ಒಂದು ಕಾಳೂ ಇಲ್ಲವೆಂದು ತಿಳಿಯುತ್ತಾನೆ, ಬರುತ್ತಾನೆ ಎಂದು ಅವಳ ಲೆಕ್ಕ. ಆದರೆ ಪಾತ್ರೆ ಇಸಿದುಕೊಂಡವಳು ಸಾವಿತ್ರೆವ್ವ. ಹರಕೆ ಹೊತ್ತು ಹಡೆದ ಕೂಸಿಗೆ ಹೆಸರಿಟ್ಟ ದಿನವೇ, ಗಂಡ ಸತ್ತ ಮನೆಯಿಂದ ಬರಿದಾದ ಪಾತ್ರೆ. ಮರುದಿನ ಕೂಸಿಗೆ ಜ್ವರ ಬಂತು. ಎರಡು ದಿನದಲ್ಲಿ ಬಿಟ್ಟಿತು, ಆದರೆ ಸಾವಿತ್ರೆವ್ವನ ಮನಸ್ಸಿನ ಉರಿ ಬಿಡಲಿಲ್ಲ. ಅಣ್ಣ ಬರಲಿಲ್ಲವೆಂದು ತಂಗಿ ಬಾಗಿಲು ಮುಚ್ಚಿಕೊಂಡಳು. ತಂಗಿ ಕೂಸಿಗೆ ಕೇಡು ಬಯಸಿದಳೆಂದು ಅವರು ಮುಚ್ಚಿಕೊಂಡರು. ಯಾರೂ ಯಾರನ್ನೂ ಯಾಕೆಂದು ಕೇಳಲಿಲ್ಲ.

ಇಂಥ ಸಿದ್ದಲಿಂಗವ್ವ ಅಂದು ಕೈ ಒರೆಸಿಕೊಂಡು ಎದ್ದು, ಕರೆವ್ವನ ಅಡಿಗೆಮನೆಗೆ ಹೋಗಿ, ಗೂಡಿನಲ್ಲಿದ್ದ ನೀಲಿ ಬಣ್ಣದ ಬಟ್ಟಲನ್ನು ತೆಗೆದುಕೊಂಡಳು. ಅದು ಅವರ ದೇಶದಿಂದ ತಂದ ಬಟ್ಟಲು. ಕಬ್ಬಿಣದ ಮೇಲೆ ಗಾಜಿನಂಥ ಲೇಪ, ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಅದರಲ್ಲಿ ಮಜ್ಜಿಗೆ ಹಾಕಿ ಕರೆವ್ವನ ಕೈಗೆ ಕೊಟ್ಟಳು.

"ಕುಡಿ." ಕುಡಿದಳು. "ಇದು ನನ್ನ ಬಟ್ಟಲಾ ಅಂತ ತಿಳಕೋ. ಈಗ ನನಗ ತಿರುಗಿ ಕೊಡು." ಕರೆವ್ವ ತೊಳೆಯಲು ಎದ್ದಳು. "ಕುಂದರು. ತೊಳೀಬ್ಯಾಡ. ಒಳಗೊಂದೇನರೆ ಹಾಕು."

"ಏನ?"

"ಏನರೆ. ನಿನ್ನ ಕಡೆ ಏನ ಐತಿ ಅದು."

ಕರೆವ್ವ ಸುತ್ತಲೂ ನೋಡಿ ಒಂದು ಬೆಂಕಿಪೆಟ್ಟಿಗೆ ಹಾಕಿದಳು. ಸಿದ್ದಲಿಂಗವ್ವ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕದ್ದನ್ನು ನಾನು ನಮ್ಮ ಮನೆಯಿಂದಲೇ ಕೇಳಿದೆ.

ಪಾಠ ಅಲ್ಲಿಗೇ ಮುಗಿಯಲಿಲ್ಲ. ಕರೆವ್ವ ಹುರುಪಿನಿಂದ ಮರುದಿನವೇ ತಮ್ಮ ಪದ್ಧತಿಯ ಉಬ್ಬಿದ ರೊಟ್ಟಿ ಸುಟ್ಟು ಮನೆಮನೆಗೂ ಒಯ್ದಳು. ನಾವು ಕೈ ಮುಗಿದು ತೆಗೆದುಕೊಂಡು, ಒಳಗೆ ಕೋಳಿ ತತ್ತಿ ಹಾಕಿರಬಹುದೆಂದು ಆಕಳಿಗೆ ಹಾಕಿದೆವು. ಸಿದ್ದಲಿಂಗವ್ವ ಮೆಲ್ಲಗೆ ತಿದ್ದಿದಳು: "ಬೇಯಿಸಿದ್ದು ಬ್ಯಾಡ ಕರೆವ್ವ. ಬೆಳೆದದ್ದು ಹಾಕು." ಅಂದಿನಿಂದ ಕರೆವ್ವ ಹಿತ್ತಲಲ್ಲಿ ಮಡಿ ಮಾಡಿ, ಪಾತ್ರೆ ತೊಳೆದ ನೀರು ಹಾಕಿ ಟಮಾಟೆ ಬೆಳೆದಳು. ಆಗ ನಮ್ಮ ಓಣಿಯಲ್ಲಿ ಅದನ್ನು ಬೇರೆ ಯಾರೂ ಬೆಳೆಯುತ್ತಿರಲಿಲ್ಲ. ಹಳಬರು ಅದನ್ನು ತಿನ್ನುತ್ತಲೂ ಇರಲಿಲ್ಲ. "ಕೊಯ್ದರ ರಗತದಂಗ ಐತಿ" ಎಂದು ಸಾವಿತ್ರೆವ್ವ ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲವಂತೆ. ಆದರೂ ಪಾತ್ರೆಯಲ್ಲಿ ಎರಡು ಕೆಂಪು ಹಣ್ಣು ಬಂದರೆ ಅದು ಕರೆವ್ವನ ಮನೆಯಿಂದ ಎಂದು ಕೂಸಿಗೂ ಗೊತ್ತಾಗುತ್ತಿತ್ತು. ದುಂಡವ್ವ ತನ್ನ ಬಟ್ಟಲಲ್ಲಿ ಬಂದ ಮೊದಲ ಟಮಾಟೆಯನ್ನು ಎಲ್ಲರೆದುರು ಕಚ್ಚಿ, "ಹುಳಿ ಐತಿ, ಚಲೋ ಐತಿ, ಸತ್ತರ ನೀವ ಮಣ್ಣ ಕೊಡ್ರಿ" ಅಂದಳು. ಪಾತ್ರೆಗಳು ಮತ್ತೆ ತಿರುಗಾಡತೊಡಗಿದವು.

ಎಪ್ಪತ್ತರ ಮಾಘದಲ್ಲಿ ಗುರವ್ವನಿಗೆ ಸೋನ್ಯಾಳದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. ಸಂಬಂಧ ಗಟ್ಟಿ ಮಾಡಿ ಸಕ್ಕರೆ ಹಂಚುವ ಕಾರ್ಯಕ್ಕೆ, ಅಣ್ಣನ ಮನೆಯೊಂದನ್ನು ಬಿಟ್ಟು, ಓಣಿಯ ಎಲ್ಲ ಮನೆಗಳಿಂದ ಪಾತ್ರೆ ಬಂದವು. ಸಿದ್ದಲಿಂಗವ್ವನ ಒಲೆ ಸಾಲದೆ ಕರೆವ್ವನ ಕಡೆಯೂ ಒಲೆ ಹಚ್ಚಿದೆವು. ಅಂದು ಸಿದ್ದಲಿಂಗವ್ವ ಅಟ್ಟದಿಂದ ತನ್ನ ತಾಯಿಯ ಹಿತ್ತಾಳೆ ಡಬರಿಯನ್ನು ಇಳಿಸಿದಳು. ದುಂಡನೆಯ ಹೊಟ್ಟೆ, ಮೇಲೆ ಮುಚ್ಚಳ. ಎರಡು ಸೇರು ಹಾಲು ಹಿಡಿಯುವಂಥದು. ತಾಯಿ ಸಂಗವ್ವ ಅದನ್ನು ಮದುವೆಯಲ್ಲಿ ಮಗಳಿಗೆ ಕೊಟ್ಟಿದ್ದಳು. ಅದರಲ್ಲಿ ಶಾವಿಗೆ ಪಾಯಸ ಇಟ್ಟಳು.

ಬೀಗರ ಹಿರಿಯ ಅಣ್ಣಾರಾಯ, ಹುಡುಗನ ತಂದೆ, ಪಾಯಸ ಉಂಡು ಬಾಯಿ ಒರೆಸಿಕೊಂಡು ಸುತ್ತ ನೋಡಿದ.

"ಎಲ್ಲಾ ಚಲೋ ಆತ್ರಿ ತಂಗಿ. ಹುಡುಗಿ ಸೋದರಮಾವ ಎಲ್ಲಿ ಕಾಣವಲ್ಲ?"

ಸಿದ್ದಲಿಂಗವ್ವ ತಲೆ ತಗ್ಗಿಸಿ, "ಲಗ್ನಕ್ಕ ಬರತಾನ್ರಿ" ಅಂದಳು.

"ಬರಬೇಕ ಬರಬೇಕ. ನಮ್ಮ ಮನ್ಯಾಗ ಅದೊಂದ ಗಟ್ಟಿ. ಅಕ್ಕಿಕಾಳ ಬೀಳುಮುಂದ ಹುಡುಗಿ ಬೆನ್ನಿಗೆ ಮಾವ ನಿಂತಿರಬೇಕು. ತಂದಿ ಇಲ್ಲದ ಮಗಳಂದ ಮ್ಯಾಗ ಕೇಳೂದಽ ಬ್ಯಾಡ."

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮಾತಿನ ಮೇಲೆ ಗುರವ್ವನ ಮದುವೆ ನಿಂತಿದೆ ಎಂದು ಅಲ್ಲಿ ಕೂತ ಎಲ್ಲರಿಗೂ ತಿಳಿಯಿತು.

ಬೀಗರು ಹೋದ ಮೇಲೆ ಕರೆವ್ವ ಕೇಳಿದಳು, "ಅಣ್ಣ ಈ ಊರಾಗ ಅದಾನ ಅಂತಾರ. ಹೋಗಿ ಕರೀರಿ?"

"ನಿಮ್ಮ ದೇಶ ದೂರನೋ, ಅಣ್ಣನ ಮನಿ ದೂರನೋ, ನನಗ ತಿಳಿವಲ್ದು ಕರೆವ್ವ" ಅಂದಳು ಸಿದ್ದಲಿಂಗವ್ವ. "ಹೋಗಿ ನಿಂತರ ಬಾಗಲಾ ಹಾಕ್ಕೊಂಡ್ರ? ಆಮ್ಯಾಗ ಮಗಳ ಲಗ್ನ ಹೆಂಗ ಮಾಡಲಿ?"

ಮರುದಿನ ಎರವಲು ಪಾತ್ರೆ ಮುಟ್ಟಿಸುವ ಕೆಲಸ. ನಾವು ಯಾರದು ಯಾವುದೆಂದು ತಗ್ಗು ನೋಡಿ, ಮಸಿ ನೋಡಿ ಗುರುತು ಹಿಡಿಯುವವರು. ಕರೆವ್ವನಿಗೆ ಅದು ಬೇಕಿರಲಿಲ್ಲ. ನಮ್ಮ ಕಡೆ ಪಾತ್ರೆ ಕೊಳ್ಳುವಾಗ ಅಂಗಡಿಯವನು ಅದರ ಮೇಲೆ ಹೆಸರು ಕೊರೆದು ಕೊಡುತ್ತಾನೆ, ಮರಾಠಿ ಅಕ್ಷರದಲ್ಲಿ. ಆ ಅಕ್ಷರ ಓದಲು ಅವಳಿಗೆ ಬರುತ್ತಿತ್ತು. "ನಾ ಕೊಡತೀನಿ, ಎಲ್ಲಾ ನಾ ಕೊಡತೀನಿ" ಎಂದು ಹಟ ಹಿಡಿದು ಎಲ್ಲವನ್ನೂ ತನ್ನ ಕಡೆಗೆ ಒಯ್ದಳು. ಕಲಿತ ಪಾಠದಂತೆ ಪ್ರತಿಯೊಂದರಲ್ಲೂ ಕಾರ್ಯದ ಸಕ್ಕರೆ, ಒಂದು ಚೂರು ಕೊಬ್ಬರಿ, ತನ್ನ ಹಿತ್ತಲಿನ ಎರಡು ಟಮಾಟೆ ಇಟ್ಟಳು. ಹೆಸರು ಓದಿ ಓದಿ ಮನೆಮನೆಗೆ ಮುಟ್ಟಿಸಿದಳು.

ಕೊನೆಗೆ ಡಬರಿ ಉಳಿಯಿತು. ಅದರ ಕಂಠದ ಮೇಲೆ ಸಂಗವ್ವ ಎಂದಿತ್ತು. ಸಂಗವ್ವ ಎಂಬುವವರನ್ನು ಅವಳು ಓಣಿಯಲ್ಲಿ ಕಂಡಿರಲಿಲ್ಲ, ಅದು ಸಿದ್ದಲಿಂಗವ್ವನ ತಾಯಿಯ ಹೆಸರೆಂದೂ ಅವಳಿಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ದುಂಡವ್ವನನ್ನು ಕೇಳಿದಳು, "ದುಂಡವ್ವ, ಸಂಗವ್ವನ ಮನಿ ಯಾವುದು?"

"ಸಂಗವ್ವ ಸತ್ತು ಯಾವ ಕಾಲಾತು! ಅಕಿ ಮನಿ ಅದಽ, ಬೇವಿನ ಗಿಡದ ಮನಿ. ಈಗ ಮಗ ಸೊಸಿ ಅದಾರ. ಹುರ್ರ್, ಹುರ್ರ್!" ಎಂದು ಕುರಿಗಳ ಹಿಂದೆ ಓಡಿದಳು. ಕರೆವ್ವನ ಸೆರಗಿನ ಕೆಳಗೆ ಏನಿತ್ತೆಂದು ಆಕೆ ನೋಡಲಿಲ್ಲ.

ಹೀಗೆ ಆ ಡಬರಿ ತುಂಬಿಕೊಂಡು, ಹತ್ತು ವರ್ಷ ಯಾರೂ ನಡೆಯದ ದಾರಿಯಲ್ಲಿ ನಡೆದು ಹೋಯಿತು. ಜಗುಲಿಯಲ್ಲಿ ಜೋಳ ಕೇರುತ್ತಿದ್ದ ಸಾವಿತ್ರೆವ್ವನ ಮುಂದೆ ಇಟ್ಟು, "ಸಂಗವ್ವನ ಡಬರಿ. ಗುರವ್ವನ ಸಕ್ಕರಿ" ಎಂದು ಹೇಳಿ ಕರೆವ್ವ ತಿರುಗಿ ಬಂದಳು.

ಸಂಜೆ ಸಿದ್ದಲಿಂಗವ್ವ ಡಬರಿ ಹುಡುಕಿದಳು. ಕರೆವ್ವ ಹೆಮ್ಮೆಯಿಂದಲೇ ಹೇಳಿದಳು, "ಸಂಗವ್ವನ ಮನಿಗೆ ಕೊಟ್ಟೆ."

ನಾನು ಅಲ್ಲೇ ಇದ್ದೆ. ಸಿದ್ದಲಿಂಗವ್ವ ಗೋಡೆ ಹಿಡಿದು ಕೂತಳು. ತಾಯಿಯ ಡಬರಿ, ಮಗಳ ಸಕ್ಕರೆ. ಇದಕ್ಕಿಂತ ದೊಡ್ಡ ಕರೆಯೋಲೆ ಇದೆಯೇ? ಈಗ ಅದು ತಿರುಗಿ ಬರಬೇಕು. ತುಂಬಿ ಬಂದರೆ ತವರು ಉಳಿಯಿತು. ಬರಿದಾಗಿ ಬಂದರೆ ಅವರು ಹತ್ತು ವರ್ಷದ ಹಿಂದಿನದನ್ನು ತೀರಿಸಿದರು. ಮದುವೆಯೂ ಅಲ್ಲಿಗೆ ತೀರಿತು.

ಗುರವ್ವ ಹೇಳಿ ತಿಳಿಸಿದ ಮೇಲೆ ಕರೆವ್ವನ ಮುಖ ಸುಣ್ಣದಂತಾಯಿತು. "ನಾ ಹೋಗತೀನಿ. ನನ್ನ ತಪ್ಪು ಅಂತ ಹೇಳತೀನಿ. ತರತೀನಿ."

"ಬ್ಯಾಡ" ಅಂದಳು ಸಿದ್ದಲಿಂಗವ್ವ. "ತುಂಬಿ ಹೋದದ್ದನ್ನ ನಡುವ ತರಬಾರದು. ಇನ್ನ ಅವನಿಚ್ಛಾ." ಎದೆಯ ಮೇಲಿನ ಲಿಂಗಕ್ಕೆ ಕೈ ಇಟ್ಟುಕೊಂಡಳು.

ಮುಂದಿನ ದಿನಗಳು ಹೇಗೆ ಕಳೆದವೆಂದರೆ, ಓಣಿಯಲ್ಲಿ ಯಾರ ಕೈಯಲ್ಲಿ ಯಾವ ಪಾತ್ರೆ ಕಂಡರೂ ನಮ್ಮೆಲ್ಲರ ಕಣ್ಣು ಅತ್ತ. ಸಿದ್ದಲಿಂಗವ್ವ ಮಜ್ಜಿಗೆ ಕೊಡುವಾಗ ಬೇವಿನ ಗಿಡದ ಕಡೆ ನೋಡುತ್ತ, ಚರಿಗೆ ತುಂಬಿದ ಮೇಲೂ ಸುರಿಯುತ್ತಿದ್ದಳು. ಕರೆವ್ವ ಉಣ್ಣುವುದನ್ನೇ ಬಿಟ್ಟಳು, ಬಾವಿ ಸಾಹೇಬ ಬಂದು, "ಸಿದ್ದವ್ವ, ನಾವು ಬೇರೆ ಊರಿಗೆ ಹೋಗಬೇಕಾ?" ಎಂದು ಕೇಳಿದ.

"ಬಾವಿ ಅರ್ಧ ತೋಡಿ ಹೋಗತೀರೇನ್ರಿ?" ಅಂದಳು ಆಕೆ. "ಸುಮ್ಮನಿರ್ರಿ."

ಸೋಮವಾರ ದೀಪ ಹಚ್ಚುವ ಹೊತ್ತು. ನಾನು ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದೆ. ಕರೆವ್ವ ಬಾಗಿಲಲ್ಲಿ ನಿಂತಿದ್ದಳು. ಬೇವಿನ ಗಿಡದ ಕಡೆಯಿಂದ ಸಾವಿತ್ರೆವ್ವ ಬಂದಳು. ಸೆರಗಿನ ಒಳಗೆ ಡಬರಿ. ತುಂಬಿದೆಯೋ ಬರಿದೋ ಕಾಣುತ್ತಿರಲಿಲ್ಲ. ಮುಖ ನೋಡಿದರೂ ತಿಳಿಯುತ್ತಿರಲಿಲ್ಲ.

ಕರೆವ್ವ ತಡೆಯಲಾರದೆ ಮುಂದೆ ಬಂದು, "ವೈನಿ, ಅದು ನಾನು" ಎಂದು ಶುರು ಮಾಡಿದಳು. ಸಿದ್ದಲಿಂಗವ್ವ ಅವಳ ತೋಳು ಹಿಡಿದು ಹಿಂದೆ ಸರಿಸಿದಳು. ಸುಮ್ಮನಿದ್ದರೆ ಎಲ್ಲ ಸರಿಹೋಗಬಹುದಿತ್ತು. ಆದರೆ ಆಕೆಗೆ ಹಾಗೆ ಸುಳ್ಳಿನ ಮೇಲೆ ತವರು ಕಟ್ಟಿಕೊಳ್ಳುವ ಮನಸ್ಸು ಬರಲಿಲ್ಲ.

"ವೈನಿ, ಆ ಡಬರಿ ನಾ ಕಳಿಸಿದ್ದಲ್ಲ. ಕರೆವ್ವ ತಿಳೀದ ತಂದ ಕೊಟ್ಟಾಳ. ನಾ ಕಳಸಬೇಕಿತ್ತು. ಧೈರ್ಯ ಆಗಲಿಲ್ಲ."

ಸಾವಿತ್ರೆವ್ವ ಡಬರಿಯನ್ನು ಕಟ್ಟೆಯ ಮೇಲಿಟ್ಟಳು.

"ಅದೇನ ದೊಡ್ಡ ಗುಟ್ಟ ಹೇಳತಿ ಸಿದ್ದಲಿಂಗಾ? ಮಗಳ ಸಕ್ಕರ್‍ಯಾಗ ಟಮಾಟಿ ಇಟ್ಟು ಕಳಸು ಹೆಂಗಸು ಈ ಮಾಡಗ್ಯಾಳದಾಗ ಎಷ್ಟು ಮಂದಿ ಅದಾರ? ಮುಚ್ಚಳ ತಗದ ಕೂಡ್ಲೆ ತಿಳೀತು ನನಗ."

"ತಿಳಿದೂ ಬಂದಿ?"

"ಬರದ ಏನ ಮಾಡಲಿ? ನಿಮ್ಮಣ್ಣ ಹೊಲದಿಂದ ಬಂದಾವ ಅದನ್ನ ನೋಡಿ ನಿಂತಽ ಬಿಟ್ಟ. ಅವ್ವನ ಡಬರಿ ಅಂತ ತೊಡಿ ಮ್ಯಾಗ ಇಟ್ಕೊಂಡು ಕುಂತ. ಕರೆವ್ವ ತಪ್ಪಿ ಕೊಟ್ಟಾಳ ಅಂತ ನಾ ಅಂದೆ. 'ತಪ್ಪಿ ಬಂದ್ರೂ ತುಂಬಿ ಬಂದೈತಿ, ಬರಿದ ಹೆಂಗ ಕಳಸ್ತಿ?' ಅಂದ. ನಾ ಆದ್ರೂ ಇಷ್ಟು ದಿನ ಮನಸ ಗಟ್ಟಿ ಮಾಡ್ಕೊಂಡ ಕುಂತೆ. ಆಗಲಿಲ್ಲ."

ಮುಚ್ಚಳ ತೆಗೆದಳು. ಗೋಧಿ ಹುಗ್ಗಿ, ಮೇಲೆ ತುಪ್ಪ ಇನ್ನೂ ಹೆಪ್ಪುಗಟ್ಟಿರಲಿಲ್ಲ.

ಸಾವಿತ್ರೆವ್ವನೇ ಕೇಳಿದಳು, ಅಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು.

"ಆವತ್ತ ಯಾಕ ಬರಿದ ಕಳಿಸಿದಿ, ತಂಗೀ? ಕೂಸಿನ ಹೆಸರಿಡು ದಿನ?"

"ಮನ್ಯಾಗ ಏನೂ ಇರಲಿಲ್ಲ ವೈನಿ. ಅಣ್ಣ ನೋಡಿ ತಿಳ್ಕೊಂಡು ಬರತಾನ ಅಂದ್ಕೊಂಡೆ."

"ಹುಚ್ಚಿ! ನಾಕ ಹರಳ ಉಪ್ಪರೆ ಹಾಕಬಾರದಾಗಿತ್ತಾ?"

"ಉಪ್ಪೂ ಇರಲಿಲ್ಲ."

ಸಾವಿತ್ರೆವ್ವ ಆಕೆಯ ಕೈ ಹಿಡಿದು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರೂ ಅತ್ತರು. ಏನೆಂದು ಪೂರ್ತಿ ತಿಳಿಯದ ಕರೆವ್ವ ಅವರಿಬ್ಬರಿಗಿಂತ ಹೆಚ್ಚು ಅತ್ತಳು. ಅಷ್ಟರಲ್ಲಿ ದುಂಡವ್ವ ಕುರಿ ತರುಬಿಕೊಂಡು ಬಂದು, "ಯಾರ ಸತ್ರ?" ಎಂದು ಗಾಬರಿಯಾಗಿ ನಿಂತವಳು, ಡಬರಿಯ ಹುಗ್ಗಿ ನೋಡಿ ಎಲ್ಲ ತಿಳಿದುಕೊಂಡಳು. "ಅಳೂದ ಆಮ್ಯಾಗ ಅಳ್ರಿ, ಹುಗ್ಗಿ ಆರತೈತಿ" ಎಂದು ತಾನೇ ಬಟ್ಟಲು ತಂದು ಹಾಕಿಕೊಂಡಳು.

ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ಶ್ರೀಶೈಲಪ್ಪ ಹಳದಿ ರುಮಾಲು ಸುತ್ತಿ ಗುರವ್ವನ ಬೆನ್ನಿಗೆ ನಿಂತಿದ್ದ. ಅವನ ಪಕ್ಕದಲ್ಲಿ ಹಸಿರು ಇಳಕಲ್ ಸೀರೆಯುಟ್ಟು ಕರೆವ್ವ ನಿಂತಿದ್ದಳು. ಅಣ್ಣಾರಾಯ ಮೀಸೆಯಲ್ಲೇ ನಕ್ಕು, "ಮಾವ ಒಬ್ಬ ಸಾಕಂದಿದ್ದೆ ತಂಗಿ, ನೀವು ವಿಲಾಯತಿ ಚಿಗವ್ವನ್ನೂ ನಿಲ್ಲಸೀರಿ" ಅಂದ.

"ಅಕಿನೂ ಈ ಓಣ್ಯಾಕಿನಽರಿ" ಅಂದಳು ಸಿದ್ದಲಿಂಗವ್ವ.

ಬಾವಿಗಳ ಕೆಲಸ ಮುಗಿದು ಅವರು ಎಪ್ಪತ್ತೊಂದರ ಕೊನೆಗೆ ಹೊರಟರು. ಹೊರಡುವ ಬೆಳಿಗ್ಗೆ ಬಸ್ಸಿನ ಹತ್ತಿರ ಓಣಿಗೆ ಓಣಿಯೇ ನಿಂತಿತ್ತು. ದುಂಡವ್ವ ತಾನು ನೂತ ಉಣ್ಣೆಯ ಕಂಬಳಿಯನ್ನು ಬಾವಿ ಸಾಹೇಬನ ಹೆಗಲಿಗೆ ಹಾಕಿ, "ನಿಮ್ಮ ಊರಾಗ ಭಾಳ ಥಂಡಿ ಅಂತಲ್ಲ, ಹೊದ್ಕೋರಿ" ಅಂದಳು. ಕರೆವ್ವ ಆ ಚಕ್ಕೆ ಎದ್ದ ನೀಲಿ ಬಟ್ಟಲಲ್ಲಿ ತನ್ನ ಹಿತ್ತಲಿನ ಕೊನೆಯ ಟಮಾಟೆ ತುಂಬಿ ಸಿದ್ದಲಿಂಗವ್ವನ ಕೈಗೆ ಕೊಟ್ಟಳು.

"ಇದನ್ನ ನಾ ಹೆಂಗ ತಿರುಗಿ ಕೊಡಲಿ ಯವ್ವಾ?" ಅಂದಳು ಸಿದ್ದಲಿಂಗವ್ವ.

"ಅದಕ್ಕಽ ಕೊಟ್ಟೇನಿ" ಅಂದಳು ಕರೆವ್ವ, ನಮ್ಮ ಹಾಗೆಯೇ.

ಅದನ್ನು ಮುಟ್ಟಿಸುವ ಋಣ ಉಳಿದಷ್ಟು ಕಾಲ ಕೊಡುಕೊಳ್ಳುವಿಕೆ ಮುಗಿಯುವುದಿಲ್ಲವೆಂದು ಅವಳಿಗೆ ಆಗ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಸಿದ್ದಲಿಂಗವ್ವ ಆ ಬಟ್ಟಲನ್ನು ಒಂದು ದಿನವೂ ಬರಿದಾಗಿ ಇಡಲಿಲ್ಲ. ಮರುವರ್ಷ ಮಳೆ ಕೈಕೊಟ್ಟು ಮನೆಯಲ್ಲಿ ಕಾಳು ಕಡಿಮೆಯಾದಾಗಲೂ ಅದರ ತಳದಲ್ಲಿ ಹಿಡಿ ಜೋಳ ಇದ್ದೇ ಇತ್ತು. ಕೇಳಿದರೆ, "ಯಾವಾಗ ಬರತಾಳೋ ಏನೋ. ಬಂದರ ಹುಡಕ್ಯಾಡಬೇಕೇನ?" ಅನ್ನುತ್ತಿದ್ದಳು. ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಆಕೆ ತೀರಿಕೊಂಡಳು. ಅಣ್ಣನೇ ಮುಂದೆ ನಿಂತು ಎಲ್ಲ ಮಾಡಿದ. ಡಬರಿಯನ್ನು ಗುರವ್ವ ಸೋನ್ಯಾಳಕ್ಕೆ ಒಯ್ದಳು. ನೀಲಿ ಬಟ್ಟಲನ್ನು, "ಅವ್ವ ಇದನ್ನ ನಿಮಗ ಕೊಡು ಅಂದಾಳ್ರಿ, ಕಾಕಿ" ಎಂದು ನನ್ನ ಕೈಯಲ್ಲಿಟ್ಟಳು.

ಸಾವಾದ ಮನೆಯಿಂದ ಪಾತ್ರೆ ಬರಿದಾಗಿಯೇ ಬರಬೇಕು. ನಾನು ಮುಚ್ಚಿದ ಅರಿವೆ ತೆಗೆದು ನೋಡಿದೆ. ತಳದಲ್ಲಿ ಹಿಡಿ ಜೋಳ ಇತ್ತು. ತೆಗೆಯಬೇಕೆಂದು ಗುರವ್ವನಿಗೆ ಹೊಳೆದಿರಲಿಲ್ಲವೋ, ತೆಗೆಯಬಾರದೆಂದು ಅವ್ವ ಹೇಳಿ ಹೋಗಿದ್ದಳೋ, ನಾನು ಕೇಳಲಿಲ್ಲ. ಆ ಕಾಳಿನ ಮೇಲೆ ಇನ್ನೊಂದು ಹಿಡಿ ಹಾಕಿ ದೇವರ ಗೂಡಿನ ಪಕ್ಕದಲ್ಲಿ ಇಟ್ಟೆ.